ಹನ್ನೊಂದು ಅಂಕಿಯ ಹಾರ: ಬಳಸುವ ವಿಧಾನ

12345654321 ಎಂಬ ಪೂರ್ಣಸಂಖ್ಯೆಯನ್ನು ಆರಿಸಿಕೊಂಡ ಗ್ರಾಹಕರೇ, ಬಳಸುವ ಮುನ್ನ ಈ ಕೈಪಿಡಿಯನ್ನು ಕೊನೆಯವರೆಗೆ ಓದಬೇಕೆಂದು ವಿನಂತಿ. ಓದದಿದ್ದರೂ ಅಪಾಯವೇನಿಲ್ಲ. ಸರಕು ಶಾಕ್ ಹೊಡೆಯುವುದಿಲ್ಲ, ಸೋರುವುದಿಲ್ಲ, ಕರೆಂಟು ಹೋದರೆ ನಿಲ್ಲುವುದಿಲ್ಲ. ಮಕ್ಕಳ ಕೈಗೆ ಸಿಕ್ಕರೆ ಒಳ್ಳೆಯದೇ.

ಪೆಟ್ಟಿಗೆ ಬಿಚ್ಚಿದ ಕೂಡಲೇ

ಅಂಕಿಗಳನ್ನು ಎಣಿಸಿಕೊಳ್ಳಿ. ಒಟ್ಟು ಹನ್ನೊಂದು ಇರಬೇಕು. ಒಂದರಿಂದ ಐದರವರೆಗಿನವು ತಲಾ ಎರಡು. ಆರು ಮಾತ್ರ ಒಂದೇ ಒಂದು, ಅದೂ ನಟ್ಟನಡುವೆ. ಆರು ಎರಡಿದ್ದರೆ ಅಂಗಡಿಯವರು ಬೇರೆ ಮಾಲು ಕಟ್ಟಿಕೊಟ್ಟಿದ್ದಾರೆ ಎಂದರ್ಥ. 123456654321 ಎಂಬ ಆ ಹನ್ನೆರಡಂಕಿಗೆ ಈ ಕೈಪಿಡಿ ಅನ್ವಯಿಸದು. ಎಡಬಲ ತಿರುವಿ ಹಿಡಿದರೂ ಸಂಖ್ಯೆ ಬದಲಾಗುವುದಿಲ್ಲ. ವಿಕಟಕವಿ, ಕುಬೇರನಿಗೇನಿರಬೇಕು ಎಂದೆಲ್ಲ ಶಾಲೆಯಲ್ಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ಅಂಕಿಗಳನ್ನೂ ಒಂದಕ್ಕೊಂದು ಗುಣಿಸಿದರೆ 86400, ಅಂದರೆ ಒಂದು ದಿನದ ಸೆಕೆಂಡುಗಳಷ್ಟೇ, ಬರುತ್ತದೆ. ಇದಕ್ಕೆ ಯಾವ ಗೂಢಾರ್ಥವೂ ಇಲ್ಲ. ನೆಂಟರೆದುರು ಹೇಳುವುದಕ್ಕೆ ಮಾತ್ರ ಉಪಯುಕ್ತ.

ಬಾಯಲ್ಲಿ ಹೇಳುವಾಗ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎನ್ನಿ. ಉಸಿರು ಸಾಲದವರು ಕೋಟಿಯ ಬಳಿ ಒಮ್ಮೆ ನಿಲ್ಲಬಹುದು. ಹೀಗೆ ಹೇಳಿದ ಮೇಲೆ ಇದು ತಿರುಗಿಸಿದರೂ ಒಂದೇ ಎಂದು ಕಿವಿಗೆ ತಿಳಿಯುವುದಿಲ್ಲ, ಬರೆದಾಗ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಯಾರಿಕೆಯ ವಿವರ

ಸಂಖ್ಯೆಗೆ ತಯಾರಕರಿಲ್ಲ, ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಆದರೆ ಈ ಮಾದರಿಯನ್ನು ನಮ್ಮ ಕಡೆ ಪ್ರದರ್ಶನಕ್ಕಿಟ್ಟವರ ಹೆಸರು ಗೊತ್ತು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರೆಂಬ ಜೈನ ಗಣಿತಜ್ಞರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಎಂಬ ಒಂಬತ್ತು ಅಧ್ಯಾಯಗಳ ಗ್ರಂಥ ಬರೆದರು. ಅದರ ಆರಂಭದಲ್ಲಿ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಅದನ್ನು ಶಾಲೆಯಲ್ಲಿ ಕಲಿಸುತ್ತಾರೆ, ಗಣಿತದ ಗ್ರಂಥದ ಹೆಸರು ಪರೀಕ್ಷೆಯ ಬಿಟ್ಟ ಸ್ಥಳ ತುಂಬಲು ಬಂದರೆ ಹೆಚ್ಚು.

ಗುಣಾಕಾರ ಹೇಳಿಕೊಡುವಾಗ ಆಚಾರ್ಯರು ಒಣ ಲೆಕ್ಕ ಕೊಡುವುದಿಲ್ಲ. ಉತ್ತರ ಬಂದಾಗ ಅದು ಕೊರಳಲ್ಲಿ ಹಾಕಿಕೊಳ್ಳುವ ಹಾರದಂತೆ ಎರಡೂ ಕಡೆ ಒಂದೇ ಸಮ ಇಳಿಬಿದ್ದಿರಬೇಕು, ಅಂಥ ಕೆಲವು ಲೆಕ್ಕಗಳನ್ನೂ ಆಯ್ದಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ನಮ್ಮ ಸಂಖ್ಯೆ ಅಲ್ಲಿ 27994681 ಮತ್ತು 441ರ ಗುಣಲಬ್ಧವಾಗಿ ಬರುತ್ತದೆ. ಅದನ್ನು ಅವರು ಒಂದರಿಂದ ಆರರ ತನಕ ಏರಿ ಮತ್ತೆ ಕ್ರಮವಾಗಿ ಇಳಿಯುವುದು ಎಂದು ವರ್ಣಿಸುತ್ತಾರೆ. ಅಂಕಿಗಳ ಸ್ಥಾನಗಳಿಗೆ ಅವರು ಕೊಟ್ಟ ಹೆಸರುಗಳು ಇಪ್ಪತ್ತನಾಲ್ಕು, ಕೊನೆಯದು ಮಹಾಕ್ಷೋಭ. ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ ನಮ್ಮ ಎಡತುದಿಯ ಒಂದು ಕೂರುತ್ತದೆ.

ಜೋಡಿಸುವ ಕ್ರಮ

ಕಾಗದ, ಪೆನ್ಸಿಲ್ಲು ತೆಗೆದುಕೊಳ್ಳಿ. 441 ಎಂದರೆ 21 ಇಂಟು 21. ಆದ್ದರಿಂದ 27994681ನ್ನು ಮೊದಲು 21ರಿಂದ ಗುಣಿಸಿ. 587888301 ಬರುತ್ತದೆ. ನೋಡಲು ಏನೂ ಚೆಂದವಿಲ್ಲ, ಲೆಕ್ಕ ಎಲ್ಲೋ ತಪ್ಪಿತೇನೋ ಎನಿಸುತ್ತದೆ. ಧೈರ್ಯಗೆಡದೆ ಮತ್ತೊಮ್ಮೆ 21ರಿಂದ ಗುಣಿಸಿ. ಬಲತುದಿಯಲ್ಲಿ 1 ಬೀಳುತ್ತದೆ, ಅದರ ಪಕ್ಕ 2, ಆಮೇಲೆ 3. ಆರರವರೆಗೆ ಬಂದಾಗ ಕೈ ತಾನಾಗಿ ವೇಗ ಪಡೆಯುತ್ತದೆ. ನೃಪತುಂಗನ ಕಾಲದ ಹುಡುಗರು ಮಣ್ಣು ಹರಡಿದ ಹಲಗೆಯ ಮೇಲೆ ಇದನ್ನು ಮಾಡಿ ಮುಗಿಸಿದಾಗ ಉತ್ತರ ಸರಿಯೋ ತಪ್ಪೋ ಎಂದು ಗುರುಗಳನ್ನು ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಒಂದು ಮಣಿ ಆಚೀಚೆಯಾದರೂ ಹಾರವೇ ಹೇಳಿಬಿಡುತ್ತದೆ. ಪಠ್ಯಪುಸ್ತಕ ಬರೆಯುವವರು ಗಮನಿಸಬೇಕು.

ಬಿಚ್ಚುವ ಕ್ರಮ

ವರ್ಗಮೂಲ ತೆಗೆಯುವ ಹಳೆಯ ವಿಧಾನ ಕೈಗೆ ಮರೆತಿದ್ದರೆ ಇಲ್ಲಿ ಅಭ್ಯಾಸ ಮಾಡಿಕೊಳ್ಳಿ; ಇಷ್ಟು ಸಾಧು ಸಂಖ್ಯೆ ಇನ್ನೊಂದು ಸಿಗದು. ಬಲದಿಂದ ಎರಡೆರಡಾಗಿ ಕತ್ತರಿಸಿ: 1, 23, 45, 65, 43, 21. ಮೊದಲ ಒಂದಕ್ಕೆ ಒಂದು, ಶೇಷವಿಲ್ಲ. 23ನ್ನು ಇಳಿಸಿ, 21 ಕಳೆಯಿರಿ, ಉಳಿದದ್ದು 2. 45 ಇಳಿಸಿದರೆ 245. 221 ಕಳೆದರೆ 24. ಮುಂದೆ 2465ರಿಂದ 2221, 24443ರಿಂದ 22221. ಕೊನೆಗೆ 222221ರಿಂದ 222221 ಹೋಗಿ ಸ್ಲೇಟು ಖಾಲಿ. ಪ್ರತಿ ಹಂತದಲ್ಲೂ ಮೇಲೆ ಬರೆಯಬೇಕಾದ್ದು ಒಂದೇ, ಹಾಗಾಗಿ ಮೂಲ 111111.

ಈ ಆರು ಒಂದುಗಳನ್ನು ಇನ್ನೂ ಬಿಚ್ಚಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಹೊರಬೀಳುತ್ತವೆ. ಸರಕಿನಲ್ಲಿ ಪ್ರತಿಯೊಂದೂ ಎರಡೆರಡು. ನಂಬಿಕೆ ಬಾರದವರು ಮೂರು ಮೂರು ಅಂಕಿಗಳ ತುಂಡು ಮಾಡಿ ನೋಡಬಹುದು: 12, 345, 654, 321. ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋದರೆ 321 − 654 + 345 − 12, ಅಂದರೆ ಸೊನ್ನೆ. ಹೀಗಾಗಿ 1001 ಇದನ್ನು ಭಾಗಿಸುತ್ತದೆ, 1001 ಎಂದರೆ 7 × 11 × 13. ನಾಲ್ಕನ್ನೂ ಸುಮ್ಮನೆ ಕೂಡಿಸಿದರೆ 1332, ಅದು 37ರ ಮಗ್ಗಿಯಲ್ಲಿ 36ನೆಯದು. ಮೂರರ ಬಗ್ಗೆ ಹೇಳುವ ಅಗತ್ಯವೇ ಇಲ್ಲ.

ಕಳಚಬಹುದಾದ ಭಾಗಗಳು, ಕಳಚಲಾಗದ ಭಾಗಗಳು

ಗ್ರಾಹಕರಿಂದ ಬರುವ ದೂರುಗಳಲ್ಲಿ ಹೆಚ್ಚಿನವು ಈ ಎರಡನ್ನು ಕಲಸಿಕೊಂಡದ್ದರಿಂದ ಹುಟ್ಟಿದವು. ಸಂಖ್ಯೆಗೆ ಒಡವೆಯೂ ಇದೆ, ಒಡಲೂ ಇದೆ. ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಮಾತ್ರ ಬರುವ ಗುಣಗಳು ಒಡವೆ. ಹೇಗೆ ಬರೆದರೂ, ಬರೆಯದೆ ಕಲ್ಲು ಗುಡ್ಡೆ ಹಾಕಿದರೂ ಇರುವ ಗುಣಗಳು ಒಡಲು.

ಹಾರ ಕಳಚುವುದು ಸುಲಭ. ಕಂಪ್ಯೂಟರು ಬಳಸುವ ಎರಡರ ಪದ್ಧತಿಯಲ್ಲಿ ಇದೇ ಸಂಖ್ಯೆ 1011011111110110111011110000110001 ಎಂದಾಗುತ್ತದೆ. ಮೂವತ್ತನಾಲ್ಕು ಅಂಕಿ, ತಿರುಗಿಸಿದರೆ ಬೇರೆಯೇ. ಏಳರ ಪದ್ಧತಿಯಲ್ಲಂತೂ 12345654321 ಎಂಬ ಇದೇ ಹಾರ ಹಾಕಿಕೊಂಡು ನಿಲ್ಲುವುದು ಬೇರೊಂದು ಸಂಖ್ಯೆ, ನಮ್ಮ ಲೆಕ್ಕದ 384473664, ಅಂದರೆ 19608ರ ವರ್ಗ. ಒಡವೆ ಎರವಲು ಹೋಗುತ್ತದೆ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಈ ಒಡವೆಗಳ ಅಕ್ಕಸಾಲಿಗ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. 1, 121, 12321 ಹೀಗೆ ಬೆಳೆಯುವ ಸಂಖ್ಯೆಗಳ ಬಳಗಕ್ಕೆ ಅವರಿಟ್ಟ ಹೆಸರು ‘ಡೆಮ್ಲೊ’. ಮುಂಬಯಿಯ ಹತ್ತಿರದ ಒಂದು ರೈಲ್ವೆ ನಿಲ್ದಾಣದ ಹೆಸರದು, ಈಗಿನ ಡೊಂಬಿವಲಿ. ಯೋಚನೆ ಹೊಳೆದದ್ದು ಅಲ್ಲೇ ಅಂತೆ. ರೈಲು ತಡವಾದರೆ ನಾವು ಸ್ಟೇಷನ್ ಮಾಸ್ತರರನ್ನು ಬೈಯುತ್ತೇವೆ, ಅವರು ನಿಲ್ದಾಣವನ್ನೇ ಗಣಿತಕ್ಕೆ ಸೇರಿಸಿದರು. ನಿಮ್ಮ ಸಂಖ್ಯೆ ಅಪ್ಪಟ ಡೆಮ್ಲೊ. ಆದರೆ ಅವರೇ ಹೆಸರಿಟ್ಟ ಇನ್ನೊಂದು ಬಳಗವಾದ ಹರ್ಷದ ಸಂಖ್ಯೆಗಳಿಗೆ ಸೇರುವುದಿಲ್ಲ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವುದು ಹರ್ಷದ. ನಮ್ಮ ಮೊತ್ತ 36, ಸಂಖ್ಯೆ ಬೆಸ. ಬೆಸ ಸಂಖ್ಯೆಯನ್ನು 36 ಭಾಗಿಸಲಾರದು. ಅಂಕಿಗಳ ವರ್ಗಗಳನ್ನು ಕೂಡಿಸುತ್ತ ಹೋಗಿ ಕೊನೆಗೆ 1 ಬಂದರೆ ಅದನ್ನು ‘ಸುಖಿ’ ಎನ್ನುವ ಪದ್ಧತಿಯೂ ಇದೆ. ಇಲ್ಲಿ 146, 53, 34, 25, 29, 85 ಎನ್ನುತ್ತ 89ಕ್ಕೆ ಬಂದು, ಅಲ್ಲಿಂದಾಚೆ ಸುತ್ತುತ್ತಲೇ ಇರುತ್ತದೆ. ಸುಖಿಯೂ ಅಲ್ಲ. ಇದಕ್ಕಾಗಿ ಸರಕು ವಾಪಸು ತರಬೇಡಿ. ಇವೆಲ್ಲ ಒಡವೆಯ ಮಾತು.

ಒಡಲಿನ ಗುಣಗಳು ಇವು: ಬೆಸ, ಸಂಯುಕ್ತ, ಪೂರ್ಣ ವರ್ಗ. ಮೊದಲ 111111 ಬೆಸ ಸಂಖ್ಯೆಗಳನ್ನು ಕೂಡಿಸಿದರೆ ಸಿಗುವುದೂ ಇದೇ. ಐದು ಅವಿಭಾಜ್ಯಗಳೂ ಎರಡೆರಡು ಇರುವುದರಿಂದ ಇದಕ್ಕೆ ಭಾಜಕಗಳು 3ನ್ನು ಐದು ಸಲ ಗುಣಿಸಿದಷ್ಟು, ಅಂದರೆ 243. ಅವೆಲ್ಲವೂ ಬೆಸ.

ಲಂಬಕೋನ ತ್ರಿಭುಜದ ಕರ್ಣದ ವರ್ಗವಾಗಿಯೂ ಬಳಸಬಹುದು. ಎರಡು ಬೀಜಸಂಖ್ಯೆಗಳಿಂದ ಲಂಬಕೋನದ ಬಾಹುಗಳನ್ನು ಹುಟ್ಟಿಸುವ ಕ್ರಮವನ್ನು ಮಹಾವೀರಾಚಾರ್ಯರು ವಿಸ್ತಾರವಾಗಿ ಹೇಳಿದ್ದಾರೆ. ಹಾರದ ಎರಡು ಗಡಿಗಳಾದ 6 ಮತ್ತು 1ನ್ನೇ ಬೀಜವಾಗಿ ಇಡಿ. ವರ್ಗಗಳ ವ್ಯತ್ಯಾಸ 35, ಗುಣಲಬ್ಧದ ಎರಡರಷ್ಟು 12, ವರ್ಗಗಳ ಮೊತ್ತ 37. ಮೂರನ್ನೂ 3003ರಿಂದ ಗುಣಿಸಿದರೆ 105105, 36036, 111111. ಮೊದಲೆರಡರ ವರ್ಗಗಳನ್ನು ಕೂಡಿಸಿ ನೋಡಿ, ಕೈಯಲ್ಲಿ ಅದೇ ಹಾರ. ಬೀಜ 6, 1 ಆಗಿದ್ದು ಕಾಕತಾಳೀಯ, ಅದಕ್ಕೆ ಜ್ಯೋತಿಷಿಗಳನ್ನು ಕೇಳಬೇಕಿಲ್ಲ.

ಮುಖ್ಯ ವೈಶಿಷ್ಟ್ಯ (ದಯವಿಟ್ಟು ಇದನ್ನು ಬಿಡಬೇಡಿ)

ಹಾರ ನೋಡಿ ಕೊಂಡವರೇ ಹೆಚ್ಚು. ಆದರೆ ಸರಕಿನ ನಿಜವಾದ ಬೆಲೆ ಇರುವುದು ಇಲ್ಲಿ ಎಂದು ಕೈಪಿಡಿಕಾರನ ಖಚಿತ ಅಭಿಪ್ರಾಯ.

ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸಿ. 6ಕ್ಕೆ 1, 2, 3 ಸೇರಿ 6, ಸರಿಸಮ, ಇದು ಪರಿಪೂರ್ಣ. 8ಕ್ಕೆ 1, 2, 4 ಸೇರಿ 7, ಒಂದು ಕಡಿಮೆ, ಇದು ನ್ಯೂನ. 12ಕ್ಕೆ 16, ಮಿಗುತ್ತದೆ, ಇದು ಸಮೃದ್ಧ. ಈ ಮೂರು ಪಂಗಡಗಳ ಮಾತು ಗ್ರೀಕ್ ಭಾಷೆಯಲ್ಲಿ ಬರೆದ ನಿಕೋಮಾಕಸನಷ್ಟು ಹಳೆಯದು. ಸಮ ಸಂಖ್ಯೆಗಳಲ್ಲಿ ಸಮೃದ್ಧಿ ಸಾಮಾನ್ಯ. ಬೆಸ ಸಂಖ್ಯೆಗಳಿಗೆ ಅರ್ಧದಷ್ಟು ದೊಡ್ಡ ಭಾಜಕವೇ ಇಲ್ಲವಲ್ಲ, ಸಾಲದಲ್ಲೇ ಜೀವನ. ಸಾವಿರದೊಳಗೆ ಸಮೃದ್ಧವಾದ ಬೆಸ ಸಂಖ್ಯೆ ಒಂದೇ ಒಂದು, 945.

ಈಗ ನಮ್ಮದನ್ನು ಅಳೆಯೋಣ. 243 ಭಾಜಕಗಳನ್ನು ಪಟ್ಟಿ ಮಾಡುವ ಕಷ್ಟ ಬೇಡ. ಪ್ರತಿ ಅವಿಭಾಜ್ಯಕ್ಕೆ ಒಂದು, ಅದು, ಅದರ ವರ್ಗ, ಈ ಮೂರನ್ನು ಕೂಡಿಸಿ: 3ಕ್ಕೆ 13, 7ಕ್ಕೆ 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಐದನ್ನೂ ಗುಣಿಸಿದರೆ 25375524993. ಅದರಲ್ಲಿ ಸಂಖ್ಯೆಯನ್ನೇ ಕಳೆದರೆ 13029870672. ಕೈಯಲ್ಲಿರುವುದು 1234 ಕೋಟಿ ಚಿಲ್ಲರೆ, ಭಾಜಕಗಳು ಕೊಡುವುದು 1302 ಕೋಟಿ ಚಿಲ್ಲರೆ. ಮಿಗತೆ 68 ಕೋಟಿ 42 ಲಕ್ಷ 16 ಸಾವಿರದ 351. ಬೆಸವಾಗಿದ್ದೂ ಸಮೃದ್ಧ! ಕುಬೇರನಿಗೇನಿರಬೇಕು?

ಹಾಗಾದರೆ ಸರಿಸಮ ಪರಿಪೂರ್ಣ ಆಗಿಸಲು ತಿರುಗಿಸುವ ಸ್ಕ್ರೂ ಎಲ್ಲಾದರೂ ಇದೆಯೇ ಎಂದು ಕೇಳುವವರುಂಟು. ಎರಡೂ 37ಗಳನ್ನು ಹೊರತೆಗೆಯಿರಿ. ಉಳಿಯುವುದು 3003ರ ವರ್ಗ, 9018009. ಅದರ ಚಿಕ್ಕ ಭಾಜಕಗಳ ಮೊತ್ತ 9017190. ತೊಂಬತ್ತು ಲಕ್ಷದಲ್ಲಿ ಕೊರತೆ ಬರೀ 819. ತಕ್ಕಡಿಯ ಮುಳ್ಳು ನಡುವಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಂತೆ. ಇದಕ್ಕೆ ಹೊಸದೊಂದು ಅವಿಭಾಜ್ಯವನ್ನು ಗುಣಿಸಿ ಸೇರಿಸಿದರೆ ಮುಳ್ಳು ಅಲ್ಲಾಡುತ್ತದೆ. ಸಣ್ಣ ಅವಿಭಾಜ್ಯವಾದರೆ ಆಚೆ ದಾಟಿ ಸಮೃದ್ಧವಾಗುತ್ತದೆ. 37 ಮಾಡಿದ್ದು ಅದನ್ನೇ. ತೀರ ದೊಡ್ಡದಾದರೆ ಈಚೆಯೇ ಉಳಿಯುತ್ತದೆ. ನಡುವಿಗೆ ಸರಿಯಾಗಿ ತಂದು ನಿಲ್ಲಿಸಬಲ್ಲ ಸಂಖ್ಯೆ ಒಂದೇ: 22021.

ಇದನ್ನು ಪತ್ತೆ ಹಚ್ಚಿದ್ದು ರೆನೆ ಡೆಕಾರ್ಟ್, ನಿರ್ದೇಶಾಂಕಗಳ ಜ್ಯಾಮಿತಿಯ ಅದೇ ಫ್ರೆಂಚ್ ತತ್ತ್ವಜ್ಞಾನಿ. 1638ರಲ್ಲಿ ಮರ್ಸೆನ್ ಪಾದ್ರಿಗೆ ಬರೆದ ಪತ್ರದಲ್ಲಿ ಆತ 198585576189 ಎಂಬ ಸಂಖ್ಯೆ ಕೊಟ್ಟ. ಬಿಚ್ಚಿ ನೋಡಿದರೆ ಅದು 3003ರ ವರ್ಗ ಇಂಟು 22021. 22021 ಅವಿಭಾಜ್ಯ ಎಂದು ಇಟ್ಟುಕೊಂಡರೆ ಅದು ಬೆಸ ಪರಿಪೂರ್ಣ ಸಂಖ್ಯೆ. ತೊಂದರೆ ಏನೆಂದರೆ 22021 ಅವಿಭಾಜ್ಯ ಅಲ್ಲ. 19 × 19 × 61. ಲೆಕ್ಕ ಅಕ್ಷರಶಃ ಸರಿಹೋಗುತ್ತದೆ, ಒಂದು ಬಿಡಿಭಾಗ ನಕಲಿ. ಮಳಖೇಡದ ದೊರೆಯ ಕಾಲದ ಹಾರವೂ ಏಳುನೂರ ಎಂಬತ್ತು ಚಿಲ್ಲರೆ ವರ್ಷಗಳ ಬಳಿಕ ಡೆಕಾರ್ಟನ ಪತ್ರದಲ್ಲಿ ಬಂದ ಈ ನಕಲಿ ಪರಿಪೂರ್ಣವೂ ಒಂದೇ ಚಾಸಿಯ ಮೇಲೆ ಕಟ್ಟಿದವು. ಒಬ್ಬರು ಕಣ್ಣಿಗೆ ಚೆಂದ ಹುಡುಕಿದ್ದು, ಇನ್ನೊಬ್ಬರು ಮೊತ್ತದ ಸಮತೋಲ ಹುಡುಕಿದ್ದು. 3003 ಇಬ್ಬರಿಗೂ ಒದಗಿತು.

ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಇಂದಿಗೂ ತೀರ್ಮಾನವಾಗಿಲ್ಲ. 2012ರಲ್ಲಿ ಓಶೆಮ್ ಮತ್ತು ರಾವ್ ಎಂಬ ಗಣಿತಜ್ಞರು 10ರ 1500ನೇ ಘಾತದವರೆಗೆ ಅಂಥದ್ದು ಇಲ್ಲವೆಂದು ತೋರಿಸಿದರು. ನಿಮ್ಮ ಸರಕಿನ ಮಟ್ಟಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. 243 ಬೆಸ ಭಾಜಕಗಳ ಒಟ್ಟು ಮೊತ್ತ ಬೆಸವೇ ಆಗಬೇಕು. ಪರಿಪೂರ್ಣವಾಗಲು ಅದು ಸಂಖ್ಯೆಯ ಎರಡರಷ್ಟು, ಅಂದರೆ ಸಮ ಆಗಿರಬೇಕು. ಯಾವ ವರ್ಗಕ್ಕೂ ಭಾಜಕಗಳ ಎಣಿಕೆ ಬೆಸವೇ, ಹಾಗಾಗಿ ಯಾವ ಬೆಸ ವರ್ಗವೂ ಎಂದಿಗೂ ಪರಿಪೂರ್ಣವಾಗದು. ಸ್ಕ್ರೂ ಹುಡುಕುವುದನ್ನು ನಿಲ್ಲಿಸಿ.

ಎಚ್ಚರಿಕೆ

ಇದನ್ನು 32 ಬಿಟ್‌ನ ಡಬ್ಬಿಯಲ್ಲಿ ಇಡಬೇಡಿ. ಸಂಖ್ಯೆಗೆ 34 ಬಿಟ್ ಬೇಕು. ಬಲವಂತವಾಗಿ ತುರುಕಿದರೆ ಮೇಲಿನ ಎರಡು ಬಿಟ್ ಕತ್ತರಿಸಿ ಹೋಗಿ, ಹೊರಗೆ ತೆಗೆಯುವಾಗ −539247567 ಎಂದು ಋಣದಲ್ಲಿ ಬರುತ್ತದೆ. ಹಾರ ಹೋಗಲಿ, ಸಾಲ ತಲೆಗೆ ಬಂತು. ಎಕ್ಸೆಲ್‌ನಲ್ಲಿ ಅಂಕಣ ಕಿರಿದಾಗಿಸಿದರೆ 1.2ಇ+10 ಎಂದು ಮುದುಡಿಕೊಳ್ಳುತ್ತದೆ. ಅಂಕಣ ಅಗಲಿಸಿ, ಮತ್ತೆ ಅರಳುತ್ತದೆ. ಮೊಬೈಲ್ ನಂಬರಾಗಿ ಬಳಸಲು ಒಂದು ಅಂಕಿ ಹೆಚ್ಚಾಗುತ್ತದೆ. ಪಾಸ್‌ವರ್ಡ್ ಆಗಿ ಬಳಸುವವರಿಗೆ ಯಾವ ಕೈಪಿಡಿಯಿಂದಲೂ ಸಹಾಯ ಮಾಡಲಾಗದು.

ದೊಡ್ಡ ಮಾದರಿಗೆ ಬದಲಾಯಿಸಿಕೊಳ್ಳುವವರಿಗೆ

ಏಳರವರೆಗೆ ಏರುವ 1234567654321 ಮಾರುಕಟ್ಟೆಯಲ್ಲಿದೆ. ಇನ್ನೆರಡು ಮಣಿ ಹೆಚ್ಚು, ಹೊಳಪು ಅಷ್ಟೇ. ಎಕ್ಸ್‌ಚೇಂಜ್ ಮಾಡುವ ಮುನ್ನ ಒಳಗೆ ನೋಡಿ. ಅದರ ವರ್ಗಮೂಲವಾದ ಏಳು ಒಂದುಗಳಲ್ಲಿ 239 ಮತ್ತು 4649 ಎಂಬ ಎರಡೇ ಅವಿಭಾಜ್ಯಗಳು. 243 ಭಾಜಕಗಳ ಜಾಗದಲ್ಲಿ ಒಂಬತ್ತು. 1 ಲಕ್ಷ 23 ಸಾವಿರ ಕೋಟಿ ದಾಟಿದ ಸಂಖ್ಯೆಗೆ ಚಿಕ್ಕ ಭಾಜಕಗಳೆಲ್ಲ ಸೇರಿ ಕೊಡುವುದು 545 ಕೋಟಿ ಚಿಲ್ಲರೆ. ಶ್ರೇಣಿಯ ಅತಿ ಉದ್ದದ ಹಾರ ಒಂಬತ್ತರವರೆಗೆ ಏರುವ 12345678987654321. ಹತ್ತು ಒಂದುಗಳ ವರ್ಗ ಮಾಡಲು ಹೋದವರಿಗೆ ನಡುವೆ ದಶಕ ಏರಿ 1234567900987654321 ಎಂದು ಬರುತ್ತದೆ. ಏರುವಲ್ಲಿ ಎಂಟು ಕಾಣೆ, ಎರಡು ಸೊನ್ನೆ ಹಾಜರು, ಎಡಬಲ ತಾಳೆಯಿಲ್ಲ. ಆ ಮಾದರಿಗೆ ಬಿಡಿಭಾಗಗಳು ನಮ್ಮಲ್ಲಿ ದೊರೆಯುವುದಿಲ್ಲ.